ಬೆಕ್ಕಿನ ಮರಿಗೆ ಒಂದೇ ಇಂಜೆಕ್ಷನ್ ಸಾಕೇ?

ಪ್ರಶ್ನೆ: ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಅಡಿಕೆ ತೋಟದ ನಡುವೆ ನಮ್ಮ ಮನೆ. ಬೆಕ್ಕು ಅಟ್ಟದಲ್ಲಿ ಮೂರು ಮರಿ ಹಾಕಿದೆ, ಎರಡು ತಿಂಗಳಾಗಿರಬಹುದು. ಕಳೆದ ಮಳೆಗಾಲದಲ್ಲಿ ಇದೇ ಬೆಕ್ಕಿನ ನಾಲ್ಕು ಮರಿಗಳು ವಾಂತಿ ಮಾಡಿ, ಒಂದರ ಹಿಂದೆ ಒಂದು, ಮೂರು ದಿನದೊಳಗೆ ಸತ್ತವು. ವಿಷ ತಿಂದದ್ದು ಎಂದು ಕೆಲವರು, ಹಾವು ಮುಟ್ಟಿದ್ದು ಎಂದು ಕೆಲವರು. ಪಂಚಾಯತಿನ ಮೃಗಾಸ್ಪತ್ರೆಯಲ್ಲಿ ಈಗ ರೇಬೀಸ್ ಲಸಿಕೆ ಮಾತ್ರ ಇದೆ, ಬೇರೆಯದು ಬೇಕಾದರೆ ಮಂಗಳೂರಿನಿಂದ ತರಬೇಕಂತೆ. ಒಂದು ಇಂಜೆಕ್ಷನ್ ಕೊಡಿಸಿದರೆ ಸಾಕೇ? ತಂದು ನಾವೇ ಚುಚ್ಚಬಹುದೇ? ತಾಯಿ ಬೆಕ್ಕು ಪುನಃ ಗಬ್ಬ ಇದ್ದ ಹಾಗೆ ಕಾಣುತ್ತದೆ, ಅದಕ್ಕೂ ಕೊಡಬಹುದೇ? ಮನೆಯಲ್ಲಿ ಐದು ವರ್ಷದ ಮಗುವಿದೆ.

ಉತ್ತರ: ಒಂದು ಸಾಲದು. ನಿಮ್ಮ ಮರಿಗಳಿಗೆ ಮೂರು ಬಾರಿ ಕೊಡಿಸಬೇಕು, ಅದರಲ್ಲಿ ಕೊನೆಯದು 16 ವಾರ ತುಂಬಿದ ಮೇಲೆ ಬೀಳಬೇಕು. ಹೆಚ್ಚಿನವರು ಎಡವುವುದು ಇಲ್ಲಿಯೇ. ಎರಡು ತಿಂಗಳಿಗೆ ಒಂದು ಕೊಡಿಸಿ ಲಸಿಕೆ ಆಯಿತು ಎಂದುಕೊಳ್ಳುತ್ತಾರೆ. ಮೂರು ತಿಂಗಳಲ್ಲಿ ಮರಿ ಸತ್ತರೆ ಲಸಿಕೆಯೇ ಸರಿಯಿರಲಿಲ್ಲ ಎನ್ನುತ್ತಾರೆ. ಲಸಿಕೆ ಸರಿಯಾಗಿಯೇ ಇರುತ್ತದೆ, ಕೊಟ್ಟ ಹೊತ್ತು ಸರಿಯಿರುವುದಿಲ್ಲ.

ಮೊದಲು ಸತ್ತ ಮರಿಗಳ ವಿಷಯ. ಪರೀಕ್ಷೆ ಆಗದೆ ಖಂಡಿತ ಎನ್ನಲಾಗದು, ಆದರೆ ನೀವು ಬರೆದದ್ದಕ್ಕೆ ಹೆಚ್ಚು ಹೊಂದುವುದು ಪ್ಯಾನ್‌ಲ್ಯುಕೋಪೀನಿಯಾ. ನಾಯಿಮರಿಗಳ ಪಾರ್ವೊ ಕಾಯಿಲೆ ಕೇಳಿರುತ್ತೀರಿ, ಅದರ ದಾಯಾದಿ ಇದು. ಹಾವು ಕಡಿದರೆ ಒಂದು ಮರಿ ಸಾಯಬಹುದು, ಸಾಲಾಗಿ ನಾಲ್ಕು ಸಾಯುವುದು ಅಪರೂಪ. ಇಲಿಗೆ ಇಡುವ ಕಪ್ಪು ಪುಡಿಯ ಪಾಷಾಣವಾದರೆ ಸಾಮಾನ್ಯವಾಗಿ ಗಂಟೆಗಳ ಲೆಕ್ಕದಲ್ಲಿ ಮುಗಿಯುತ್ತದೆ. ಬಿಲ್ಲೆಯ ಇಲಿಮದ್ದಾದರೆ ಎರಡು ಮೂರು ದಿನ ಕಳೆದು ರಕ್ತಸ್ರಾವ ಕಾಣುತ್ತದೆ. ಪ್ಯಾನ್‌ಲ್ಯುಕೋಪೀನಿಯಾದಲ್ಲಿ ಮೊದಲ ದಿನ ಮರಿ ಮೊಲೆಗೂ ಬರುವುದಿಲ್ಲ, ಆಟಕ್ಕೂ ಇಲ್ಲ, ಮುದುಡಿ ಕೂರುತ್ತದೆ. ಆಮೇಲೆ ಹಳದಿ ನೊರೆಯ ವಾಂತಿ, ಕೆಲವೊಮ್ಮೆ ರಕ್ತ ಬೆರೆತ ಭೇದಿ. ನೀರಿನ ತಟ್ಟೆಯ ಮೇಲೆ ತಲೆ ಬಾಗಿಸಿ ಕೂತಿರುತ್ತದೆ, ಮೂಗು ನೀರಿಗೆ ತಾಗುವಷ್ಟು ಹತ್ತಿರ, ಕುಡಿಯುವುದು ಮಾತ್ರ ಇಲ್ಲ. ಒಮ್ಮೆ ಕಂಡವರಿಗೆ ಆ ಭಂಗಿ ಮರೆಯುವುದಿಲ್ಲ.

ವೇಗವಾಗಿ ಹುಟ್ಟುತ್ತಿರುವ ಜೀವಕೋಶಗಳೆಲ್ಲಿವೆಯೋ ಈ ವೈರಸ್ ಅಲ್ಲಿಗೇ ಹೋಗುತ್ತದೆ. ಕರುಳಿನ ಒಳಪದರ ಸುಲಿದು ಹೋಗುತ್ತದೆ. ಎಲುಬಿನ ಮಜ್ಜೆ ಸೊರಗಿ ರಕ್ತದ ಬಿಳಿ ಕಣಗಳು ತೀರಾ ಇಳಿದುಬಿಡುತ್ತವೆ. ಒಡೆದ ಕರುಳಿನಿಂದ ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗುವ ಹೊತ್ತಿಗೆ ಎದುರಿಸಲು ದೇಹದಲ್ಲಿ ಸೈನ್ಯವೇ ಉಳಿದಿರುವುದಿಲ್ಲ. ಚಿಕಿತ್ಸೆ ಸಿಗದ ಎಳೆ ಮರಿಗಳಲ್ಲಿ ಹತ್ತಕ್ಕೆ ಒಂಬತ್ತರವರೆಗೂ ಸಾಯುವುದು ಇದರಿಂದಲೇ. ಇನ್ನು ಮುಂದೆ ಯಾವ ಮರಿಯಾದರೂ ಹೀಗೆ ವಾಂತಿ ಶುರು ಮಾಡಿದರೆ ಹಾಲು ಕುಡಿಸುತ್ತ ಕೂರಬೇಡಿ. ಅದೇ ದಿನ ಡ್ರಿಪ್, ವಾಂತಿ ನಿಲ್ಲಿಸುವ ಮದ್ದು ಮತ್ತು ಆ್ಯಂಟಿಬಯಾಟಿಕ್ ಸಿಗಬೇಕು. ಐದು ದಿನ ದಾಟಿಸಿದರೆ ಉಳಿಯುವ ಸಾಧ್ಯತೆ ಹೆಚ್ಚು.

ಇನ್ನು 16 ವಾರ ಯಾಕೆ ಎಂಬುದು. ಮರಿ ಹುಟ್ಟಿದ ಮೊದಲ ದಿನ ಕುಡಿಯುವ ಗಿಣ್ಣುಹಾಲಿನಲ್ಲಿ ತಾಯಿಯ ರಕ್ಷಣಾ ಕಣಗಳು, ಅಂದರೆ ಪ್ರತಿಕಾಯಗಳು ಇರುತ್ತವೆ. ನಿಮ್ಮ ಬೆಕ್ಕು ಹೋದ ವರ್ಷದ ರೋಗದ ನಡುವೆಯೂ ಉಳಿದದ್ದರಿಂದ ಅದರ ಮೈಯಲ್ಲಿ ಈ ಪ್ರತಿಕಾಯ ಧಾರಾಳ ಇರಬಹುದು, ಮರಿಗಳಿಗೂ ಬಂದಿರಬಹುದು. ಒಳ್ಳೆಯದೇ. ಆದರೆ ಆ ಪ್ರತಿಕಾಯಗಳಿಗೆ ರೋಗದ ವೈರಸ್ ಯಾವುದು, ಲಸಿಕೆಯ ವೈರಸ್ ಯಾವುದು ಎಂಬ ಭೇದ ಗೊತ್ತಿಲ್ಲ. ಚುಚ್ಚಿದ ಲಸಿಕೆಯನ್ನೂ ಹಿಡಿದು ನಾಶ ಮಾಡುತ್ತವೆ. ಮರಿಯ ದೇಹ ಏನನ್ನೂ ಕಲಿಯುವುದಿಲ್ಲ. ತಾಯಿಯಿಂದ ಬಂದದ್ದು ವಾರದಿಂದ ವಾರಕ್ಕೆ ಕರಗುತ್ತದೆ. ಒಂದು ಮರಿಯಲ್ಲಿ ಎಂಟನೇ ವಾರಕ್ಕೆ ಮುಗಿದರೆ, ಅದರ ಜೊತೆಗೇ ಹುಟ್ಟಿದ ಇನ್ನೊಂದರಲ್ಲಿ ಹದಿನಾಲ್ಕನೇ ವಾರದವರೆಗೂ ಉಳಿಯಬಹುದು. ಹೊರಗಿನಿಂದ ನೋಡಿ ತಿಳಿಯುವ ದಾರಿ ಇಲ್ಲ. ಅದಕ್ಕಾಗಿ ಮೂರು ನಾಲ್ಕು ವಾರಕ್ಕೊಮ್ಮೆ ಕೊಡುತ್ತ ಹೋಗುವುದು. ಯಾವುದೋ ಒಂದು ನಾಟುತ್ತದೆ, ಹೆಚ್ಚಿನ ಮರಿಗಳಲ್ಲಿ 16 ವಾರದ ನಂತರ ಕೊಟ್ಟದ್ದು ನಾಟುತ್ತದೆ. ಎರಡನೆಯದೂ ಮೂರನೆಯದೂ ಮೊದಲನೆಯದಕ್ಕೆ ಬಲ ಕೊಡಲು ಎಂದು ಹಲವರ ನಂಬಿಕೆ. ಮರಿಗಳಲ್ಲಿ ಅದಕ್ಕಿಂತ ಮುಖ್ಯವಾಗಿ ಪ್ರತಿ ಡೋಸೂ ಹೊಸದಾಗಿ ಬಾಗಿಲು ತಟ್ಟಿ ನೋಡುವ ಪ್ರಯತ್ನ.

ಹಾಗಾಗಿ ಈಗ ಎಂಟು ವಾರವಾಗಿದ್ದರೆ ಒಂದು, 12ಕ್ಕೆ ಒಂದು, 16ಕ್ಕೆ ಒಂದು. ಜಾಗತಿಕ ಪಶುವೈದ್ಯ ಸಂಘಟನೆ ಡಬ್ಲ್ಯುಎಸ್‌ಎವಿಎಯ 2024ರ ಮಾರ್ಗಸೂಚಿಯ ಪ್ರಕಾರ ಅದರ ನಂತರದ ಡೋಸಿಗೆ ಒಂದು ವರ್ಷ ಕಾಯುವುದಕ್ಕಿಂತ 26 ವಾರಕ್ಕೆ, ಅಂದರೆ ಆರು ತಿಂಗಳಿಗೆ ಕೊಡುವುದು ಮೇಲು. 16 ವಾರದ ಡೋಸೂ ನಾಟದ ಕೆಲವು ಮರಿಗಳು ಇರುತ್ತವೆ, ಅವು ವರ್ಷವಿಡೀ ಬರಿಮೈಯಲ್ಲಿ ತಿರುಗಬಾರದು. ಮೂರು ಮರಿಗಳಿಗೆ ಮೂರು ಸಲ ಖರ್ಚು ಮಾಡುವುದು ಕಷ್ಟ ಎಂದಾದರೆ ಕೈಬಿಡಬೇಕಾದದ್ದು ಮೊದಲಿನದು, ಕೊನೆಯದಲ್ಲ. ಒಂದೇ ಒಂದು ಸಾಧ್ಯ ಎನ್ನುವವರು 16 ವಾರ ಕಳೆದ ಮೇಲೆಯೇ ಕೊಡಿಸಲಿ, ಅಲ್ಲಿಯವರೆಗೆ ಮರಿಗಳನ್ನು ಒಂದು ಕೋಣೆಯಲ್ಲಿ ಇಟ್ಟುಕೊಳ್ಳಲಿ. ನಿಮ್ಮ ಮನೆಯಲ್ಲಿ ರೋಗ ಬಂದು ಹೋಗಿರುವುದರಿಂದ ಮೊದಲಿನದನ್ನೂ ಬಿಡಬೇಡಿ ಎಂಬುದೇ ನನ್ನ ಸಲಹೆ.

ಎರಡು ತಿಂಗಳಾಗಿರಬಹುದು ಎಂಬ ಅಂದಾಜಿನ ಮೇಲೆ ಲೆಕ್ಕ ಹಾಕಬೇಡಿ. ಅಟ್ಟದಲ್ಲಿ ಹಾಕಿದ ಮರಿ ಹುಟ್ಟಿದ ಎರಡು ಮೂರು ವಾರದ ನಂತರವೇ ಕಣ್ಣಿಗೆ ಬೀಳುವುದು. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ಸರಿಯಾಗಿ ಹಾಲು ಕುಡಿದ ಮರಿ ವಾರಕ್ಕೆ ಸುಮಾರು 100 ಗ್ರಾಂ ಏರುತ್ತದೆ, ಎಂಟು ವಾರಕ್ಕೆ 800 ಗ್ರಾಂ ಹತ್ತಿರ ಇರುತ್ತದೆ. ಕಣ್ಣು ಇನ್ನೂ ನೀಲಿಯಾಗಿದ್ದರೆ ಏಳು ವಾರ ಆಗಿಲ್ಲ ಎಂದೇ ಹಿಡಿಯಿರಿ. ಕೊನೆಯ ಡೋಸಿಗೆ ಹಲ್ಲೇ ಗುರುತು: ತುಟಿ ಮೇಲೆತ್ತಿ ನೋಡಿದಾಗ ಮುಂದಿನ ಅಕ್ಕಿಕಾಳಿನಂಥ ಹಾಲುಹಲ್ಲು ಉದುರಿ, ಅದಕ್ಕಿಂತ ಅಗಲದ ಬಿಳಿ ಹಲ್ಲುಗಳು ಬಂದಿರಬೇಕು. ಅದಾಗುವುದು ಮೂರೂವರೆಯಿಂದ ನಾಲ್ಕು ತಿಂಗಳಲ್ಲಿ. ಅನುಮಾನ ಇದ್ದರೆ ಒಂದು ವಾರ ತಡವಾದರೆ ಅಡ್ಡಿಯಿಲ್ಲ, ಒಂದು ವಾರ ಮುಂಚೆ ಬೇಡ.

ಮೊದಲ ಡೋಸಿಗೆ ಒಂದು ವಾರ ಮುಂಚೆ ಜಂತುಹುಳದ ಮದ್ದು ಕೊಡಿಸಿ, ತೂಕ ಹೇಳಿಯೇ ತನ್ನಿ. ಆದರೆ ಜಂತುಮದ್ದು ಆಗಿಲ್ಲ ಎಂಬ ಒಂದೇ ಕಾರಣಕ್ಕೆ ಲಸಿಕೆಯನ್ನು ಹದಿನೈದು ದಿನ ಮುಂದೂಡುವುದು ರೋಗ ಕಂಡ ಮನೆಗೆ ಹೇಳಿದ್ದಲ್ಲ. ಜ್ವರ ಇರಬಾರದು. ಬೆಕ್ಕಿನ ಸಹಜ ಉಷ್ಣತೆ ಸುಮಾರು 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್, ನಮ್ಮದಕ್ಕಿಂತ ಹೆಚ್ಚು, ಮೈ ಬಿಸಿ ಅನ್ನಿಸಿತು ಎಂದು ಗಾಬರಿ ಬೇಡ.

ಮಂಗಳೂರಿನಿಂದ ತರಬೇಕಾದದ್ದು ಮೂರು ರೋಗದ ಲಸಿಕೆ. ಪ್ಯಾನ್‌ಲ್ಯುಕೋಪೀನಿಯಾದ ಜೊತೆ ಹರ್ಪಿಸ್ ಮತ್ತು ಕ್ಯಾಲಿಸಿ ಎಂಬ ಎರಡು ನೆಗಡಿ ವೈರಸ್‌ಗಳಿಗೂ ಅದರಲ್ಲಿ ಮದ್ದಿದೆ. ನೋಬಿವ್ಯಾಕ್ ಟ್ರೈಕ್ಯಾಟ್, ಫೆಲಿಜೆನ್ ಇವು ದುರ್ಬಲಗೊಳಿಸಿದ ಜೀವಂತ ವೈರಸ್‌ನವು, ಬಯೋಫೆಲ್ ಸತ್ತ ವೈರಸ್‌ನದ್ದು. ಮರಿಗಳಲ್ಲಿ ಬೇಗ ರಕ್ಷಣೆ ಬೇಕಾದಾಗ ಜೀವಂತದ್ದೇ ಮೇಲು. ಶುರು ಮಾಡಿದ ಬ್ರ್ಯಾಂಡನ್ನೇ ಮುಂದುವರಿಸಿದರೆ ಒಳ್ಳೆಯದು, ಸಿಗದಿದ್ದರೆ ಬೇರೆಯದು ಹಾಕಿಸಿ, ತಪ್ಪಿಸಬೇಡಿ. ನೆಗಡಿಯ ಎರಡರಲ್ಲಿ ಲಸಿಕೆ ರೋಗವನ್ನು ಪೂರ್ತಿ ತಡೆಯುವುದಿಲ್ಲ, ಸೌಮ್ಯವಾಗಿಸುತ್ತದೆ ಅಷ್ಟೆ. ಮುಂದೆ ಎಂದಾದರೂ ಬೆಕ್ಕು ಸೀನಿದರೆ ಲಸಿಕೆ ವ್ಯರ್ಥ ಎಂದುಕೊಳ್ಳಬೇಡಿ. ನಾಯಿಯ ಲಸಿಕೆ ಉಳಿದಿದೆ, ಅರ್ಧ ಹಾಕೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಒಂದು ವಯಲ್, ಅಂದರೆ ಮದ್ದಿನ ಪುಟ್ಟ ಸೀಸೆ, ಒಂದು ಮರಿಗೆ. ಮರಿ ಚಿಕ್ಕದು ಎಂದು ಒಂದನ್ನು ಇಬ್ಬರಿಗೆ ಹಂಚಿದರೆ ಇಬ್ಬರಿಗೂ ಇಲ್ಲ.

ಒಂದೋ ಮರಿಗಳನ್ನು ಮಂಗಳೂರಿಗೆ ಕೊಂಡುಹೋಗಬೇಕು, ಇಲ್ಲವೇ ಲಸಿಕೆಯನ್ನು ತರಬೇಕು. ಎರಡನೆಯದಾದರೆ ಮೊದಲು ಮೃಗಾಸ್ಪತ್ರೆಯ ಡಾಕ್ಟರಲ್ಲಿ ಮಾತಾಡಿ ಚೀಟಿ ಬರೆಸಿಕೊಳ್ಳಿ, ಯಾವ ದಿನ ಎಷ್ಟು ಗಂಟೆಗೆ ಚುಚ್ಚುತ್ತಾರೆ ಎಂದು ಗೊತ್ತು ಮಾಡಿಕೊಂಡೇ ಹೊರಡಿ. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೇ ಇರಬೇಕು. ಅಂಗಡಿಯವರು ಪ್ಲಾಸ್ಟಿಕ್ ಚೀಲದಲ್ಲಿ ಎರಡು ತುಂಡು ಐಸ್ ಹಾಕಿ ಕೊಟ್ಟರೆ ತಲಪಾಡಿ ದಾಟುವ ಮೊದಲೇ ಅದು ನೀರಾಗಿರುತ್ತದೆ. ಅಗಲ ಬಾಯಿಯ ಫ್ಲಾಸ್ಕ್ ಅಥವಾ ಥರ್ಮೋಕೋಲ್ ಪೆಟ್ಟಿಗೆ ಒಯ್ಯಿರಿ. ಜೆಲ್ ಐಸ್‌ಪ್ಯಾಕನ್ನು ಫ್ರೀಜರಿನಿಂದ ತೆಗೆದ ಕೂಡಲೇ ಲಸಿಕೆಯ ಜೊತೆ ಇಡಬೇಡಿ. ಮೇಲೆ ನೀರಹನಿ ಮೂಡುವವರೆಗೆ ಹೊರಗಿಟ್ಟು, ಪತ್ರಿಕೆಯ ಹಾಳೆ ಸುತ್ತಿ, ಆಮೇಲೆ ಇಡಿ. ಟ್ರೈಕ್ಯಾಟ್‌ನಂಥ ಜೀವಂತ ಲಸಿಕೆಯ ಶತ್ರು ಶಾಖ. ರೇಬೀಸ್ ಲಸಿಕೆಯದ್ದು ಇನ್ನೊಂದು ರೀತಿ, ಅದು ಗಡ್ಡೆ ಕಟ್ಟಿದರೆ ಕೆಟ್ಟಿತು, ಕರಗಿಸಿದರೂ ಪ್ರಯೋಜನವಿಲ್ಲ. ಮನೆಯಲ್ಲಿ ಇಡಬೇಕಾಗಿ ಬಂದರೆ ಫ್ರಿಜ್ಜಿನ ನಡುವಿನ ತಟ್ಟೆಯಲ್ಲಿ ಇಡಿ, ಬಾಗಿಲಲ್ಲೂ ಫ್ರೀಜರಿನ ಒತ್ತಿಗೂ ಬೇಡ. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಹೋಗುವ ಊರು ನಮ್ಮದು, ಲಸಿಕೆಯನ್ನು ವಾರಗಟ್ಟಲೆ ಮನೆಯಲ್ಲಿ ಸಂಗ್ರಹಿಸುವ ಯೋಚನೆಯೇ ಬೇಡ. ತಂದ ದಿನವೇ ಹಾಕಿಸಿ.

ನೀವೇ ಚುಚ್ಚುವುದು ಬೇಡ. ಸೂಜಿ ಹಾಕುವುದು ದೊಡ್ಡ ವಿದ್ಯೆ ಎಂದಲ್ಲ. ಅಪರೂಪಕ್ಕೆ ಒಂದು ಮರಿಗೆ ಲಸಿಕೆಯಾದ ಕೆಲವೇ ನಿಮಿಷಗಳಲ್ಲಿ ತೀವ್ರ ಅಲರ್ಜಿ ಆಗುತ್ತದೆ: ವಾಂತಿ, ಮುಖ ಊದುವುದು, ಬಾಯಿ ತೆರೆದು ಉಸಿರಾಡುವುದು. ಬೆಕ್ಕಿನಲ್ಲಿ ಮೊದಲ ಪೆಟ್ಟು ಬೀಳುವುದು ಶ್ವಾಸಕೋಶಕ್ಕೆ. ಆಗ ಅದನ್ನು ತಡೆಯುವ ಅಡ್ರಿನಲಿನ್ ಮದ್ದು ಕೈಯಳತೆಯಲ್ಲಿ ಇರಬೇಕು, ಪ್ರಮಾಣ ಗೊತ್ತಿರಬೇಕು. ಹಾಗಾಗಿ ಚುಚ್ಚಿಸಿದ ಮೇಲೂ ಅರ್ಧ ಗಂಟೆ ಆಸ್ಪತ್ರೆಯ ಜಗಲಿಯಲ್ಲೇ ಕೂತಿದ್ದು ಹೊರಡಿ.

ಡಾಕ್ಟರ ಕೈಯಲ್ಲಿ ಹಾಕಿಸುವಾಗಲೂ ನೀವು ನೋಡಬಹುದಾದದ್ದು ಕೆಲವಿವೆ. ವಯಲಿನ ತಳದಲ್ಲಿ ಒಣ ಬಿಲ್ಲೆಯಂತಿರುವ ಮದ್ದನ್ನು ಜೊತೆಗೆ ಬಂದ ದ್ರವದಲ್ಲಿ ಕದಡಿ ಕೂಡಲೇ ಹಾಕಬೇಕು, ಕದಡಿ ಇಟ್ಟದ್ದು ಕೆಡುತ್ತದೆ. ಪ್ರತಿ ಮರಿಗೂ ಹೊಸ ಸಿರಿಂಜ್. ಮರಿ ಕೊಸರಿಕೊಂಡು ಒಂದೆರಡು ತೊಟ್ಟು ಕೂದಲಿನ ಮೇಲೆ ಚೆಲ್ಲಿದರೆ ಸ್ಪಿರಿಟ್ ಹತ್ತಿಯಿಂದ ಆಗಲೇ ಒರೆಸಬೇಕು. ಬೆಕ್ಕು ಅದನ್ನು ನೆಕ್ಕಿದರೆ ಜೀವಂತ ವೈರಸ್ ಮೂಗು ಬಾಯಿಯ ದಾರಿಯಲ್ಲಿ ಒಳಹೋಗಿ ಕೆಲವು ದಿನಗಳಲ್ಲಿ ಸೀನು, ಬಾಯಿಹುಣ್ಣು ಬರಬಹುದು. ಚುಚ್ಚುವ ಜಾಗ ಎರಡು ಭುಜದ ನಡುವೆ ಬೇಡ, ಕಾಲಿನ ಕೆಳಭಾಗದಲ್ಲಿ ಹಾಕಿ ಎಂದು ವಿನಂತಿಸಿ. ಕಾರಣ ಕೊನೆಗೆ ಹೇಳುತ್ತೇನೆ.

ಮರಿಗಳನ್ನು ಗೋಣಿಯಲ್ಲಿ ಕಟ್ಟಿ ಬಸ್ಸಿನಲ್ಲಿ ಒಯ್ಯುವ ರೂಢಿ ಬಿಟ್ಟುಬಿಡಿ. ಸೆಕೆಗೆ ಮರಿ ಏದುಸಿರು ಬಿಡುತ್ತದೆ, ತೆಗೆಯುವಾಗ ಕಚ್ಚುತ್ತದೆ. ಎರಡು ತೂತಿನ ಪ್ಲಾಸ್ಟಿಕ್ ಬುಟ್ಟಿಗಳನ್ನು ಬಾಯಿಗೆ ಬಾಯಿ ಸೇರಿಸಿ ಹಗ್ಗದಿಂದ ಬಿಗಿದು, ಒಳಗೆ ಅವು ಮಲಗುವ ಬಟ್ಟೆಯನ್ನೇ ಹಾಸಿದರೆ ಧಾರಾಳವಾಯಿತು. ಹೊರಡುವ ಎರಡು ಗಂಟೆ ಮುಂಚೆ ಊಟ ಮುಗಿಸಿ.

ರೇಬೀಸ್ ಲಸಿಕೆ ಮೃಗಾಸ್ಪತ್ರೆಯಲ್ಲೇ ಸಿಗುತ್ತದೆ ಎಂದಿರಿ, ಅದನ್ನು 12 ವಾರಕ್ಕೆ ಹಾಕಿಸಿ. ಫಲಕದಲ್ಲಿ ಮಲಯಾಳದಲ್ಲಿ 'ಪೇವಿಷಬಾಧ' ಎಂದಿರುವುದು ಇದೇ ರೋಗಕ್ಕೆ, 'ಕುತ್ತಿವೆಪ್ಪ್' ಎಂದರೆ ಲಸಿಕೆ. ಟ್ರೈಕ್ಯಾಟ್ ಜೊತೆ ಅದೇ ದಿನ ಬೇರೆ ಕಾಲಿಗೆ ಹಾಕಬಹುದು. ಅದೇ ದಿನ ಆಗದಿದ್ದರೆ ಎರಡರ ನಡುವೆ ಕನಿಷ್ಠ ಎರಡು ವಾರ ಬಿಡಿ. ರಾತ್ರಿ ತೋಟ ಸುತ್ತುವ ಬೆಕ್ಕುಗಳಿಗೆ ಬೀದಿನಾಯಿ, ನರಿ, ಕೀರಿ ಇವುಗಳ ಎದುರು ಬೀಳುವುದು ದಿನದ ಮಾತು, ಹಾಗಾಗಿ ನಾಲ್ಕು ವಾರದ ನಂತರ ಇನ್ನೊಂದು ಡೋಸ್ ಹಾಕಿಸಿದರೆ ಹೆಚ್ಚು ಭದ್ರ. ಆಮೇಲೆ ವರ್ಷಕ್ಕೊಮ್ಮೆ.

ಮಗುವಿನ ವಿಷಯದಲ್ಲಿ ಮಾತ್ರ ಬೆಕ್ಕಿನ ಲಸಿಕೆಯನ್ನು ನಂಬಿ ಕೂರಬೇಡಿ. ಕಚ್ಚಿದರೂ ಸರಿ, ಉಗುರು ತಾಗಿ ರಕ್ತ ಬಂದರೂ ಸರಿ, ಹರಿಯುವ ನೀರಿನಲ್ಲಿ ಸಾಬೂನು ಹಾಕಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡೇ ತೊಳೆಯಿರಿ, ಹದಿನೈದು ನಿಮಿಷ ಎಂದರೆ ನಾವು ಎಣಿಸುವುದಕ್ಕಿಂತ ಉದ್ದ. ಅರಸಿನ, ಸುಣ್ಣ, ಕಾಫಿಪುಡಿ ಯಾವುದನ್ನೂ ಮೆತ್ತಬೇಡಿ. ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗಿ. ಚರ್ಮದೊಳಗೆ ಕೊಡುವ ಲಸಿಕೆಯಾದರೆ 0, 3, 7, 28ನೇ ದಿನ. ನಡುವೆ ಬೆಕ್ಕು ಆರಾಮವಾಗಿಯೇ ಇದೆ ಎಂದು ನೀವಾಗಿ ನಿಲ್ಲಿಸಬೇಡಿ, ಅದನ್ನು ಡಾಕ್ಟರು ಹೇಳಲಿ. ಕಚ್ಚಿದ ಬೆಕ್ಕನ್ನು ಹತ್ತು ದಿನ ಕೂಡಿಹಾಕಿ ನೋಡಬೇಕು, ಓಡಿಸಬಾರದು.

ಇನ್ನು ಮನೆ. ಲಸಿಕೆ ಎಷ್ಟು ಮುಖ್ಯವೋ ಇದೂ ಅಷ್ಟೇ. ಈ ವೈರಸ್ ಒಣಗಿದ ಮಲದಲ್ಲಿ, ಗೋಣಿಯ ಎಳೆಯಲ್ಲಿ, ಹಲಗೆಯ ಸಂದಿನಲ್ಲಿ ಒಂದು ವರ್ಷದವರೆಗೂ ಬದುಕಿರಬಲ್ಲದು. ಕಳೆದ ಮಳೆಗಾಲದ್ದು ಈ ಅಟ್ಟದಲ್ಲಿ ಇನ್ನೂ ಇರಬಹುದು. ಫಿನೈಲ್ ಹಾಕಿ ತೊಳೆದಿದ್ದೇವೆ ಎನ್ನುವವರು ಹಲವರು. ಫಿನೈಲ್, ಡೆಟಾಲ್ ಇವನ್ನು ನಂಬಿ ಈ ವೈರಸ್ ಸತ್ತಿತು ಎನ್ನುವಂತಿಲ್ಲ, ಆದರೆ ಕಾಲಿಗಂಟಿದ್ದನ್ನು ನೆಕ್ಕಿದ ಬೆಕ್ಕಿಗೆ ವಿಷವಾಗುತ್ತವೆ, ಅಂಥ ರಾಸಾಯನಿಕವನ್ನು ಕರಗಿಸುವ ಶಕ್ತಿ ಬೆಕ್ಕಿನ ಲಿವರಿಗೆ ಕಡಿಮೆ. ಬೇಕಾದದ್ದು ನೀವು ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್. ಹೊಸದಾಗಿ ಒಡೆದ ಪೊಟ್ಟಣದಿಂದ ಲೀಟರು ನೀರಿಗೆ 15 ಗ್ರಾಂ, ಅಂದರೆ ಸುಮಾರು ಮೂರು ಟೀ ಚಮಚ ಕದಡಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿ ಬಗ್ಗಿಸಿಕೊಳ್ಳಿ. ಮೊದಲು ಸೋಪಿನ ಪುಡಿಯಲ್ಲಿ ಉಜ್ಜಿ ಕೊಳೆ ತೆಗೆದು, ಆಮೇಲೆ ಈ ತಿಳಿಯಲ್ಲಿ ಒದ್ದೆ ಮಾಡಿ ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಕೊಳೆ ಇರುವಲ್ಲಿ ಕ್ಲೋರಿನ್ ಕೊಳೆಯ ಜೊತೆಗೇ ಮುಗಿದುಹೋಗುತ್ತದೆ, ವೈರಸ್‌ವರೆಗೆ ಮುಟ್ಟುವುದೇ ಇಲ್ಲ. ಸೆಗಣಿ ಸಾರಿಸಿದ ನೆಲದಲ್ಲಿ, ಹಟ್ಟಿಯಲ್ಲಿ ಬ್ಲೀಚ್ ಚೆಲ್ಲಿ ಪ್ರಯೋಜನವಿಲ್ಲ ಎನ್ನುವುದು ಈ ಕಾರಣಕ್ಕೆ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಎಂದಿಗೂ ಬೆರೆಸಬೇಡಿ, ವಿಷಗಾಳಿ ಏಳುತ್ತದೆ.

ಹಳೆಯ ಮರಿಗಳು ಮಲಗಿದ್ದ ಗೋಣಿ, ಬಟ್ಟೆ, ಹಾಳೆ ಎಲ್ಲ ಸುಟ್ಟುಬಿಡಿ. ಅಟ್ಟದ ಹಲಗೆಯನ್ನು ಪೂರ್ತಿ ಶುದ್ಧ ಮಾಡುವುದು ಆಗದ ಕೆಲಸ, ಆದ್ದರಿಂದ ಮರಿಗಳನ್ನು ಇವತ್ತೇ ಸಿಮೆಂಟ್ ಅಥವಾ ಟೈಲ್ಸ್ ನೆಲದ ಕೋಣೆಗೆ ಇಳಿಸಿ, ನೆಲವನ್ನು ಮೇಲೆ ಹೇಳಿದಂತೆ ತೊಳೆದು ಒಣಗಿದ ನಂತರ. ನೆರೆಮನೆಯ ಬೆಕ್ಕು ಬಂದು ತಿನ್ನುವ ತಟ್ಟೆ ಬೇರೆ ಇರಲಿ. ತೋಟಕ್ಕೆ ಹೋಗಿ ಬಂದ ಚಪ್ಪಲಿ ಆ ಕೋಣೆಗೆ ಬೇಡ, ರೋಗ ಬೇರೆ ಬೆಕ್ಕಿನಿಂದ ಮಾತ್ರವಲ್ಲ, ನಮ್ಮ ಕಾಲಿನಲ್ಲೂ ಬರುತ್ತದೆ.

ಲಸಿಕೆಯ ದಿನ ಸಂಜೆ ಮರಿ ಮಂಕಾಗಿ ಮಲಗುವುದು, ಒಂದು ಹೊತ್ತು ತಿನ್ನದಿರುವುದು, ಚುಚ್ಚಿದ ಕಾಲನ್ನು ಕುಂಟುವುದು ಸಹಜ, ಎರಡು ದಿನದಲ್ಲಿ ಸರಿಯಾಗುತ್ತದೆ. ಮೈ ಬಿಸಿ ಇದೆ ಎಂದು ಮಗುವಿನ ಪ್ಯಾರಾಸಿಟಮಾಲ್ ಸಿರಪ್ಪನ್ನು ಒಂದು ತೊಟ್ಟೂ ಕೊಡಬೇಡಿ. ಕ್ರೋಸಿನ್, ಡೋಲೋ ಯಾವ ಹೆಸರಿನಲ್ಲಿದ್ದರೂ ಬೆಕ್ಕಿಗೆ ಅದು ವಿಷ. ರಕ್ತ ಆಮ್ಲಜನಕ ಹೊರುವ ಶಕ್ತಿ ಕಳಕೊಳ್ಳುತ್ತದೆ, ಒಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಮತ್ತು ಪಾದ ಊದುತ್ತವೆ, ಒಂದು ದೊಡ್ಡವರ ಮಾತ್ರೆ ದೊಡ್ಡ ಬೆಕ್ಕನ್ನೇ ಕೊಲ್ಲಬಲ್ಲದು. ಲಸಿಕೆಗಿಂತ ಲಸಿಕೆಯ ಜ್ವರಕ್ಕೆ ಮನೆಯಲ್ಲಿ ಕೊಟ್ಟ ಮಾತ್ರೆ ಹೆಚ್ಚು ಅಪಾಯ.

ತಾಯಿ ಬೆಕ್ಕಿಗೆ ಈಗ ಟ್ರೈಕ್ಯಾಟ್ ಬೇಡ. ಗಬ್ಬದಲ್ಲಿರುವಾಗ ಜೀವಂತ ಲಸಿಕೆಯ ವೈರಸ್ ಹೊಟ್ಟೆಯ ಮರಿಗಳ ಕಿರುಮೆದುಳಿಗೆ ತಗುಲಬಹುದು. ಅಂಥ ಮರಿಗಳು ಬದುಕುತ್ತವೆ, ಆದರೆ ತಲೆ ನಡುಗುತ್ತ, ಕಾಲು ಅಗಲಿಸಿ ತೂರಾಡುತ್ತ ನಡೆಯುತ್ತವೆ, ಅದು ಜೀವನಪೂರ್ತಿ. ಮರಿ ಹಾಕಿ, ಹಾಲು ಬಿಡಿಸಿದ ಮೇಲೆ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್ ಹಾಕಿಸಿ, ಅದೇ ಸಮಯಕ್ಕೆ ಗರ್ಭಕೋಶದ ಆಪರೇಷನ್ನೂ ಮಾಡಿಸಿಬಿಡಿ. ಗಬ್ಬದ ಅವಧಿ ಸುಮಾರು 63 ದಿನ, ಹೊಟ್ಟೆ ಕಂಡಿದೆ ಎಂದರೆ ಅರ್ಧ ಕಳೆದಿರುತ್ತದೆ. ಈ ಸಲ ಅಟ್ಟದ ಏಣಿ ತೆಗೆದಿಡಿ, ತೊಳೆದ ಕೋಣೆಯ ಮೂಲೆಯಲ್ಲಿ ಹೊಸ ರಟ್ಟಿನ ಪೆಟ್ಟಿಗೆಗೆ ಹಳೆಯ ಹತ್ತಿಬಟ್ಟೆ ಹಾಸಿ ಈಗಲೇ ಇಡಿ, ಬೆಕ್ಕು ತಾನಾಗಿ ರೂಢಿ ಮಾಡಿಕೊಳ್ಳುತ್ತದೆ. ಮರಿ ಹಾಕಿದ ದಿನಾಂಕ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ, ಮುಂದಿನ ತಂಡಕ್ಕೆ ಅಂದಾಜಿನ ಅಗತ್ಯ ಬೀಳುವುದಿಲ್ಲ.

ಕಾಲಿನ ಕೆಳಭಾಗದಲ್ಲೇ ಚುಚ್ಚಿಸಿ ಎಂದ ಕಾರಣ: ಸಾವಿರಾರು ಬೆಕ್ಕುಗಳಲ್ಲಿ ಒಂದಕ್ಕೆ ಚುಚ್ಚಿದ ಜಾಗದಲ್ಲಿ ತಿಂಗಳು, ವರ್ಷ ಕಳೆದ ಮೇಲೆ ಕ್ಯಾನ್ಸರ್ ಗಡ್ಡೆ ಬರುವುದುಂಟು. ಭುಜದ ನಡುವೆ ಬಂದರೆ ಪೂರ್ತಿ ತೆಗೆಯುವುದು ಕಷ್ಟ, ಕಾಲಿನಲ್ಲಾದರೆ ಕಾಲನ್ನೇ ತೆಗೆದಾದರೂ ಬೆಕ್ಕನ್ನು ಉಳಿಸಬಹುದು. ಸಣ್ಣ ಗಂಟು ಏಳುವುದು ಸಾಮಾನ್ಯ, ಹೆಚ್ಚಿನವು ತಾನಾಗಿ ಇಳಿಯುತ್ತವೆ. ಮೂರು ತಿಂಗಳಾದರೂ ಇಳಿಯದಿದ್ದರೆ, ಎರಡು ಸೆಂಟಿಮೀಟರಿಗಿಂತ ದೊಡ್ಡದಾದರೆ, ಅಥವಾ ಒಂದು ತಿಂಗಳ ನಂತರವೂ ಬೆಳೆಯುತ್ತಿದ್ದರೆ ತೋರಿಸಿ. ಯಾವ ಕಾಲಿಗೆ ಯಾವ ಲಸಿಕೆ ಎಂದು ಗೊತ್ತಿದ್ದರೆ ಮಾತ್ರ ಇದು ಲೆಕ್ಕಕ್ಕೆ ಸಿಗುವುದು. ಒಂದು ಡೋಸ್ ಮಂಗಳೂರಿನಲ್ಲಿ, ಇನ್ನೊಂದು ಊರಿನಲ್ಲಿ ಆಗುವ ನಿಮ್ಮಂಥವರು ಪ್ರತಿ ಮರಿಗೂ ಒಂದೇ ಪುಸ್ತಕ ಇಟ್ಟು, ಎರಡೂ ಕಡೆಗೆ ಅದನ್ನೇ ಒಯ್ದು, ವಯಲಿನ ಮೇಲಿನ ಸ್ಟಿಕ್ಕರ್, ದಿನಾಂಕ, ಯಾವ ಕಾಲು, ಅಂದಿನ ತೂಕ ಇಷ್ಟನ್ನು ಹಾಕಿಸಿಕೊಳ್ಳಿ. ಮೂರೂ ಒಂದೇ ಬಣ್ಣದ ಮರಿಗಳಾಗಿದ್ದರೆ ಪುಸ್ತಕದ ಮೇಲೆ ಫೋಟೋ ಅಂಟಿಸಿ.